ಗಣಿಯ ನಕಾಶೆಗಳಿದ್ದ ಡಿಸ್ಕು

ಆ ಸೋಮವಾರ ನಾನು ಆಫೀಸಿಗೆ ಬಂದಾಗ ಸಾಹೇಬರು ನನ್ನ ಕುರ್ಚಿಯಲ್ಲಿ ಕೂತಿದ್ದರು. ಅವರು ಕಂಪ್ಯೂಟರಿನ ಮುಂದೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನಿನ್ನ ಮಷಿನ್ ಏಳವಲ್ದು ಬೇಟಿ," ಎಂದರು. "ಅರ್ಧಾ ಬರ್ತದ, ನಿಂತು ಬಿಡ್ತದ."

ಎರಡು ಸಾವಿರದ ಇಸವಿ ದಾಟಿ ಹೆಚ್ಚು ದಿನ ಆಗಿರಲಿಲ್ಲ. ವಾಡಿಯ ಹತ್ತಿರದ ಒಂದು ಸಿಮೆಂಟ್ ಕಾರ್ಖಾನೆಯ ಗಣಿ ಸರ್ವೆ ವಿಭಾಗದಲ್ಲಿ ನನಗೆ ನಕಾಶೆ ತೆಗೆಯುವ ಕೆಲಸ. ಸೇಡಂನಿಂದ ಬೆಳಗಿನ ಪ್ಯಾಸೆಂಜರ್ ಹಿಡಿದು ಬರುತ್ತಿದ್ದೆ. ಸಾಹೇಬರು ಶಹಾಬಾದಿನವರು, ಗಣಿಯ ಹಿರಿಯ ಸರ್ವೇಯರ್. ಬಿಸಿಲಲ್ಲಿ ಅಳತೆ ತೆಗೆದು ತರುವುದು ಅವರು, ಅದನ್ನು ಕಂಪ್ಯೂಟರಿಗೆ ಹಾಕಿ ಗೆರೆ ಎಳೆಯುವುದು ನಾನು. ಎಲ್ಲರೂ ವರ್ಕ್‌ಸ್ಟೇಷನ್ ಎಂದೇ ಕರೆಯುತ್ತಿದ್ದ ಆ ಕರಿ ಡಬ್ಬಿಯಲ್ಲಿ ಅವರ ಇಷ್ಟು ವರ್ಷಗಳ ತಿರುಗಾಟವೆಲ್ಲ ಇತ್ತು.

ಹೈದರಾಬಾದಿನಲ್ಲಿದ್ದ ರಿಪೇರಿಯವನಿಗೆ ಫೋನು ಮಾಡಿದೆ. "ಫಾರ್ಮ್ಯಾಟ್ ಮಾಡಿಬಿಡಿ ಮೇಡಂ, ಬೇರೆ ದಾರಿ ಇಲ್ಲ," ಎಂದ. ಫಾರ್ಮ್ಯಾಟ್ ಮಾಡಿದರೆ ಎಲ್ಲವೂ ಅಳಿಸಿ ಹೋಗುತ್ತದೆ. ಡಬ್ಬಿಯೊಳಗೆ ಎರಡು ಡಿಸ್ಕುಗಳಿದ್ದವು ನಿಜ, ಎರಡನೆಯದು ನಕಲು ಇಡಲಿಕ್ಕೆಂದೇ ಹಾಕಿದ್ದು. ಆದರೆ ನಕಲು ಮಾಡುವ ಸಾಫ್ಟ್‌ವೇರ್ ಮುಖ್ಯ ಕಚೇರಿಯಿಂದ ಬರಲೇ ಇಲ್ಲ. ಹೀಗಾಗಿ ಅದು ಖಾಲಿಯೇ ಉಳಿದಿತ್ತು. ಕೆಟ್ಟ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ ಓದೋಣವೆಂದರೆ ಅದನ್ನು ಜೋಡಿಸುವ ತಂತಿಪಟ್ಟಿ ಆಫೀಸಿನ ಬೇರೆ ಯಾವುದಕ್ಕೂ ಹೊಂದುತ್ತಿರಲಿಲ್ಲ.

ಅದೇ ವಾರ ಗಣಿಯ ಪೂರ್ವದ ಅಂಚಿನಲ್ಲಿ ಹೊಸದಾಗಿ ಬಂಡೆ ಸಿಡಿಸುವ ಬ್ಲಾಸ್ಟಿಂಗ್ ಶುರುವಾಗಬೇಕಿತ್ತು. ಆ ಕಡೆ ಒಂದು ಊರಿತ್ತು. ಮನೆಗಳು ಎಷ್ಟು ದೂರ ಇವೆ ಎಂಬುದು ನಕಾಶೆಯಿಂದಲೇ ತಿಳಿಯಬೇಕು.

ನನ್ನ ಹತ್ತಿರ ಒಂದು ಪತ್ರಿಕೆಯ ಜೊತೆ ಬಂದ, ವಿಂಡೋಸಿನ ಬದಲಿಗೆ ಕಂಪ್ಯೂಟರ್ ನಡೆಸಬಲ್ಲ ಲಿನಕ್ಸ್ ಸೀಡಿಗಳಿದ್ದವು. ಮನೆಯ ಹಳೆಯ ಕಂಪ್ಯೂಟರಿನಲ್ಲಿ ಹಾಕಿ ನೋಡಿದ್ದೆ. ಖಾಲಿ ಡಿಸ್ಕಿನಲ್ಲಿ ಲಿನಕ್ಸ್ ಕೂರಿಸಿದರೆ, ಅದರ ಮೂಲಕ ಕೆಟ್ಟ ಡಿಸ್ಕಿನೊಳಗೆ ಇಣುಕಿ ಫೈಲುಗಳನ್ನು ಎತ್ತಿಕೊಳ್ಳಬಹುದು ಎಂದು ಸಾಹೇಬರಿಗೆ ಹೇಳಿದೆ.

"ತಪ್ಪಿ ಅದು ನಕಾಶೆ ಇದ್ದ ಡಿಸ್ಕಿನ ಮ್ಯಾಲೇ ಕೂತ್ರ?"

"ಎಲ್ಲಾ ಹೋಗ್ತದ್ರಿ."

ಅವರು ಟೋಪಿ ತೆಗೆದು ಟೇಬಲ್ಲಿನ ಮೇಲಿಟ್ಟರು. "ಮಾಡು," ಎಂದರು.

ಡಬ್ಬಿಯ ಬಾಗಿಲು ಬಿಚ್ಚಿದೆ. ಒಳಗೆಲ್ಲ ಸುಣ್ಣದ ಕಲ್ಲಿನ ಬಿಳಿ ಪುಡಿ. ಎರಡು ಡಿಸ್ಕುಗಳೂ ಒಂದೇ ಕಂಪನಿಯವು, ಒಂದೇ ಅಳತೆಯವು, ಒಂದರ ಮೇಲೊಂದು ಕೂತಿದ್ದವು. ಯಾವುದು ಯಾವುದೆಂದು ಹೊರಗಿನಿಂದ ತಿಳಿಯುವಂತಿರಲಿಲ್ಲ. ಒಂದರ ತಂತಿ ಬಿಚ್ಚಿ ಇನ್ನೊಂದನ್ನು ಮಾತ್ರ ಚಾಲೂ ಮಾಡಿದರೆ ಗೊತ್ತಾಗುತ್ತದೆ. ಆದರೆ ಒಳಗಿನಿಂದ ಟಕ್ ಟಕ್ ಸದ್ದು ಬರುತ್ತಿತ್ತು. ಅಂಥ ಡಿಸ್ಕು ಇನ್ನೆಷ್ಟು ಸಲ ತಿರುಗುತ್ತದೋ ಯಾರಿಗೆ ಗೊತ್ತು? ಒಂದು ಸುತ್ತನ್ನೂ ದಂಡ ಮಾಡುವ ಹಾಗಿರಲಿಲ್ಲ.

ಆದರೂ ಬೇರೆ ದಾರಿ ಕಾಣದೆ ಮೇಲಿನದರ ತಂತಿ ಬಿಚ್ಚಿ ಕೆಳಗಿನದನ್ನು ಚಾಲೂ ಮಾಡಿದೆ. ಕರಿ ಪರದೆಯ ಮೇಲೆ ವಿಂಡೋಸಿನ ಚಿತ್ರ ಮೂಡಿತು. ನಕಾಶೆಗಳಿದ್ದದ್ದು ಅದರಲ್ಲೇ! ಗುಂಡಿ ಒತ್ತಿ ಹಿಡಿದು ಆರಿಸಿದೆ.

ಕೆಳಗಿನದರ ತಂತಿ ಬಿಚ್ಚಿ, ಮೇಲಿನದಕ್ಕೆ ಜೋಡಿಸಿ, ಸೀಡಿ ಹಾಕಿದೆ. ಈ ಡಿಸ್ಕನ್ನು ಪೂರ್ತಿ ಅಳಿಸಲೇ ಎಂದು ಪರದೆ ಕೇಳಿತು. ತಂತಿಗಳನ್ನು ಇನ್ನೊಮ್ಮೆ ಬೆರಳಿಟ್ಟು ನೋಡಿದೆ. ಸಾಹೇಬರೂ ಬಗ್ಗಿ ನೋಡಿದರು. ನಾನು ಹೌದು ಎಂದು ಒತ್ತಿದೆ. ಮಧ್ಯಾಹ್ನದ ಹೊತ್ತಿಗೆ ಲಿನಕ್ಸ್ ಕೂತಿತು. ಆಮೇಲೆ ಕೆಟ್ಟ ಡಿಸ್ಕನ್ನು ಜೋಡಿಸಿ, ಅದರ ಮೇಲೆ ಏನೂ ಬರೆಯದ ಹಾಗೆ, ಬರೀ ಓದಲಿಕ್ಕೆ ತೆರೆದೆ. ನಮ್ಮ ಫೈಲುಗಳ ಹೆಸರುಗಳು ಒಂದೊಂದಾಗಿ ಕಾಣಿಸಿದವು. ನಕಲು ಶುರು ಮಾಡಿದೆ. ಟಕ್ ಟಕ್ ಜೋರಾಯಿತು.

ಆಗ ಗಣಿಯ ಸೈರನ್ ಕೂಗಿತು.

ದಿನಾ ಆ ಹೊತ್ತಿಗೆ ಹಳೆಯ ಅಂಚಿನಲ್ಲಿ ಬ್ಲಾಸ್ಟಿಂಗ್ ಇರುತ್ತಿತ್ತು. ಸಿಡಿದಾಗ ನಮ್ಮ ಆಫೀಸಿನ ಕಿಟಕಿಗಳು ಗಡಗಡ ಎನ್ನುತ್ತಿದ್ದವು, ಟೇಬಲ್ಲಿನ ಮೇಲಿನ ಚಹಾ ತುಳುಕುತ್ತಿತ್ತು. ನಾನು ಸಾಹೇಬರ ಮುಖ ನೋಡಿದೆ. ಅವರು ಆಗಲೇ ಫೋನು ಎತ್ತಿದ್ದರು.

"ಇವತ್ತು ನಿಂದರ್ಸ್ರಿ," ಎಂದರು ಫೋರ್‌ಮನ್ನಿಗೆ. "ಹೌದು, ನಾನೇ ಹೇಳ್ಲಿಕತ್ತೀನಿ. ಮ್ಯಾನೇಜರ್ ಸಾಹೇಬ್ರು ಕೇಳಿದ್ರ ನನ್ನ ಹೆಸರು ಹೇಳ್ರಿ."

ಸ್ವಲ್ಪ ಹೊತ್ತಿಗೆ ಮ್ಯಾನೇಜರೇ ಬಂದರು. "ಒಂದು ಕಂಪ್ಯೂಟರ್ ಸಲುವಾಗಿ ಗಣಿ ಬಂದ್ ಮಾಡ್ತೀರೇನ್ರಿ?"

"ಕಂಪ್ಯೂಟರ್ ಸಲುವಾಗಿ ಅಲ್ರಿ," ಎಂದರು ಸಾಹೇಬರು. "ಕುಂದ್ರಿ. ಅದು ಮುಗೀಲಿ, ಆಮ್ಯಾಲ ಏನ್ ಬೈತೀರಿ ಬೈರಿ."

ಮ್ಯಾನೇಜರು ಕೂರಲೂ ಇಲ್ಲ, ಹೋಗಲೂ ಇಲ್ಲ. ಮೂವರೂ ಆ ಸದ್ದು ಕೇಳುತ್ತ ನಿಂತೆವು. ಅದು ಆಗಾಗ ನಿಲ್ಲುತ್ತಿತ್ತು, ಮತ್ತೆ ಹಿಡಿದುಕೊಳ್ಳುತ್ತಿತ್ತು. ಕೊನೆಗೆ ಕರ್ ಎಂದು ಉಜ್ಜಿದ ಸದ್ದಾಗಿ ಡಿಸ್ಕು ಪೂರ್ತಿ ನಿಂತುಹೋಯಿತು. ಮತ್ತೆ ತಿರುಗಲಿಲ್ಲ.

ಬಂದದ್ದನ್ನು ನೋಡಿದೆ. ಹೆಚ್ಚಿನವು ಬಂದಿದ್ದವು. ಪೂರ್ವದ ಅಂಚಿನದು ಮಾತ್ರ ಬಂದಿರಲಿಲ್ಲ. ನಮಗೆ ಆ ವಾರ ಬೇಕಾಗಿದ್ದದ್ದೇ ಅದು. ಬೆರಳಿನಿಂದ ಪರದೆ ತೋರಿಸಿದೆ.

ಸಾಹೇಬರು ಟೋಪಿ ಹಾಕಿಕೊಂಡರು. "ಬಾ, ಅಳತಿ ಮಾಡ್ಕೊಂಡು ಬರೂಣು."

"ಅಳತೆ ಹಳೇ ಕಾಗದದಾಗ ಅದಲ್ಲ?" ಎಂದರು ಮ್ಯಾನೇಜರು.

"ಅದು ಹ್ವಾದ ವರ್ಷದ್ದದ್ರಿ. ನಾ ಕಣ್ಲೆ ನೋಡಿ ಬರ್ತೀನಿ."

ಜೀಪಿನಲ್ಲಿ ಹೋದೆವು. ಸಾಹೇಬರು ಅಳತೆಯ ದುರ್ಬೀನನ್ನು ಮೂರು ಕಾಲಿನ ಮೇಲೆ ನಿಲ್ಲಿಸಿ ಊರಿನ ಕಡೆ ತಿರುಗಿಸಿದರು. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. "ಇವು ಯಾವ ಮನಿ?" ಎಂದು ತಮ್ಮಷ್ಟಕ್ಕೇ ಕೇಳಿಕೊಂಡರು. ಊರಿನಿಂದ ಈಚೆಗೆ, ನಮ್ಮ ಗಡಿಗಲ್ಲಿನ ಹತ್ತಿರವೇ ಫರಸಿ ಕಲ್ಲಿನ ಹೊಸ ಗೋಡೆಗಳು ಎದ್ದಿದ್ದವು. ಒಂದು ಮನೆಗೆ ತಗಡು ಕೂಡ ಹೊದಿಸಿದ್ದರು. ಬಾಗಿಲಲ್ಲಿ ಒಬ್ಬ ಬಾಣಂತಿ ಕೂಸನ್ನು ಬಿಸಿಲು ಕಾಯಿಸುತ್ತ ಕೂತಿದ್ದಳು.

"ಯಾವಾಗ ಕಟ್ಟೀರಿ ತಂಗಿ?" ಎಂದರು ಸಾಹೇಬರು.

"ದೀಪಾವಳಿ ಮುಂದ್ರಿ. ಯಾಕ್ರಿ, ತೆಗಸ್ತೀರೇನು?"

"ಇಲ್ಲವ್ವ, ಸುಮ್ನ ಅಳೀಲಿಕ್ಕ ಬಂದೀವಿ."

ಆಕೆ ನಂಬಲಿಲ್ಲ. ನಾವು ಹೊರಡುವವರೆಗೂ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಮ್ಮನ್ನೇ ನೋಡುತ್ತಿದ್ದಳು.

ಸಂಜೆ ಹೊಸ ಅಳತೆಗಳನ್ನು ಸಾಹೇಬರು ಓದಿದರು, ನಾನು ಸೀಸದ ಕಡ್ಡಿಯಿಂದ ಹಾಳೆಯ ಮೇಲೆ ಗೆರೆ ಎಳೆದೆ. ಆ ಮನೆಗಳು, ಕಲ್ಲು ಸಿಡಿದು ಬೀಳಬಹುದಾದ ಅಪಾಯದ ಗೆರೆಯ ಒಳಗೇ ಬರುತ್ತಿದ್ದವು. ಮ್ಯಾನೇಜರು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಅಂಚನ್ನು ಹಿಂದಕ್ಕೆ ಸರಿಸಿದರೆ ಎಷ್ಟು ಕಲ್ಲು ಕೈಬಿಡುತ್ತದೆಂದು ಅವರು ಹೇಳಿದರು, ಸಾಹೇಬರು ಬೆರಳಿನಿಂದ ಆ ಮನೆಗಳನ್ನು ತೋರಿಸಿದರು. ಕೊನೆಗೆ ಮ್ಯಾನೇಜರು ನನ್ನ ಕೈಯಿಂದ ಸೀಸದ ಕಡ್ಡಿ ಇಸಿದುಕೊಂಡು ತಾವೇ ಅಂಚನ್ನು ಗಣಿಯ ಕಡೆಗೆ ಹಿಂದೆ ಸರಿಸಿ ಒಂದು ಹೊಸ ಗೆರೆ ಎಳೆದರು. "ಇಷ್ಟ್ ಸಾಕೇನ್ರಿ?" ಎಂದರು.

"ಇನ್ನೊಂದೀಟು ಹಿಂದಕ್ಕ ತಗೋರಿ," ಎಂದರು ಸಾಹೇಬರು.