ಇಳಿದು ಏರಿದ ಹಾಂ

ಯಾರೇ ಮಾತಾಡಲಿ, ಕೇಳುತ್ತ ಕೂತ ನಮ್ಮ ಸರ್ ಅವರ ಬಲಗೈ ತೋರುಬೆರಳು ಸುಮ್ಮನಿರುತ್ತಿರಲಿಲ್ಲ. ಎದುರಿನವರ ದನಿ ಏರಿದರೆ ಬೆರಳು ಏರುತ್ತಿತ್ತು, ಇಳಿದರೆ ಇಳಿಯುತ್ತಿತ್ತು. ರಾಯಚೂರು ಬಸ್ ನಿಲ್ದಾಣದಲ್ಲಿ ಕಂಡಕ್ಟರ್ "ಮಾನ್ವಿ, ಮಾನ್ವಿ, ಮಾನ್ವೀ" ಎಂದು ಕೂಗಿದರೆ ಇವರು ಅಷ್ಟು ಜನರ ನಡುವೆ ನಿಂತು ಗಾಳಿಯಲ್ಲಿ ಗೆರೆ ಎಳೆಯುತ್ತಿದ್ದರು. ನಮ್ಮೂರು ಕುರ್ಡಿಗೆ ಹೋಗಲು ಅದೇ ಬಸ್ಸಿಗೆ ಕಾಯುತ್ತಿದ್ದ ನನಗೆ ನಾಚಿಕೆಯಿಂದ ಸಾಯುವ ಹಾಗಾಗುತ್ತಿತ್ತು.

ಯರಗೇರಾದ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಅವರು ನಮಗೆ ಭಾಷಾವಿಜ್ಞಾನ ಕಲಿಸುತ್ತಿದ್ದರು. ಜೀವ ಮಾತ್ರ ಪಪುವಾ ನ್ಯೂಗಿನಿಯ ಒಂದು ಗುಡ್ಡಗಾಡು ಭಾಷೆಯ ಮೇಲೆ. ಅಲ್ಲಿಗೆ ಹೋದವರಲ್ಲ, ಯಾರೋ ಕಳಿಸಿದ ಧ್ವನಿಮುದ್ರಣಗಳಿದ್ದವು, ಅಷ್ಟೆ. ಆ ಭಾಷೆಗೆ ವ್ಯಂಜನಗಳು ಬಹಳ ಕಡಿಮೆ. ಒಂದೇ ಶಬ್ದವನ್ನು ಎತ್ತರದ ದನಿಯಲ್ಲಿ ಅಂದರೆ ಒಂದರ್ಥ, ತಗ್ಗಿಸಿ ಅಂದರೆ ಬೇರೆ, ತಗ್ಗಿಸಿ ಏರಿಸಿದರೆ ಮತ್ತೊಂದು. ನನ್ನ ಸುಡುಗಾಡು ಕಿವಿಗೆ ಮೂರೂ ಒಂದೇ.

"ನನಗ ಕೇಳ್ಸವಲ್ದ್ರೀ ಸರ್," ಎಂದು ಒಂದು ದಿನ ಹೆಡ್‌ಫೋನ್ ಕಿತ್ತಿಟ್ಟು ಅತ್ತೇಬಿಟ್ಟೆ.

ಸರ್ ನಕ್ಕರು. "ನಿಮ್ಮವ್ವ 'ಬಾ' ಅಂತಾಳಲ್ಲ, ಉಣ್ಣಾಕ ಕರೆಯೋ ಬಾ ಯಾವ್ದು, ಬಡಿಯಾಕ ಕರೆಯೋ ಬಾ ಯಾವ್ದು, ಗೊತ್ತಾಗಂಗಿಲ್ಲೇನು?"

"ಗೊತ್ತಾಗ್ತದ್ರೀ."

"ಮತ್ತ! ನಮ್ಮಲ್ಲಿ ದನಿ ಬರೇ ಸಿಟ್ಟು, ಪ್ರೀತಿ ಹೇಳ್ತದ. ಅವರಲ್ಲಿ ಶಬ್ದಾನ ಬ್ಯಾರೆ ಆಗ್ತದ. ಹತ್ತು ಸಲ ಕೇಳು. ಮೊದಲ್ನೇ ಸಲ ಕಿವಿ ಸುಳ್ಳು ಹೇಳ್ತದ."

ಕೇಳಿದೆ. ಹತ್ತಲ್ಲ, ಎಷ್ಟೋ ಸಲ. ಕೊನೆಗೊಮ್ಮೆ ಆ ದನಿಯ ಏರಿಳಿತದ ಗೆರೆಯನ್ನು ನಾನೇ ಸರಿಯಾಗಿ ಎಳೆದಾಗ ಅವರು ತಮ್ಮ ಡಬ್ಬಿಯ ರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟರು.

ಹೋದ ವರ್ಷ ಅವರಿಗೆ ಲಕ್ವಾ ಹೊಡೆಯಿತು. ಬಲಗಡೆ ಪೂರಾ ಬಿದ್ದುಹೋಗಿ, ಮಾತಿನಲ್ಲಿ ಒಂದು "ಹಾಂ" ಮಾತ್ರ ಉಳಿಯಿತು. ದೇವದುರ್ಗದ ಅವರ ಮನೆಗೆ ಹೋದಾಗ ಅಮ್ಮಾವ್ರು, ಅಂದರೆ ಸರ್ ಅವರ ಹೆಂಡತಿ, ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡರು.

"ಬಾರವ್ವ. ನೀ ಅವರ ಹತ್ರ ದನೀನ ಕಲ್ತಾಕಿ. ಏನಂತಾರ ನೋಡವ್ವ, ನನಗ ತಿಳಿವಲ್ದು."

ನನ್ನನ್ನು ಕಂಡು ಸರ್ "ಹಾಂ" ಅಂದರು. ನೀರೇನ್ರೀ? ಹಾಂ. ಕಿಟಕಿ ತೆಗೀಲೇನ್ರೀ? ಹಾಂ. ನೋಯಾಕತ್ತದೇನ್ರೀ? ಅದೇ ಹಾಂ. ಕಡೆಗೆ ಅವರು ಮತ್ತೊಮ್ಮೆ ಹಾಂ ಅನ್ನುತ್ತ, ಆ ದನಿಯ ಜೊತೆಗೇ ಎಡಗೈ ಬೆರಳೆತ್ತಿ ಗಾಳಿಯಲ್ಲಿ ಗೆರೆ ಎಳೆದರು: ಇಳಿದು, ಏರಿ. ನಾನೂ ಹಾಗೇ ಎಳೆದು ತೋರಿಸಿದೆ. ಗೆರೆ ಸರಿಯಿತ್ತು. ಅವರು ನನ್ನ ಮುಖವನ್ನೇ ನೋಡುತ್ತ ಕಾದರು. ಅರ್ಥ ಮಾತ್ರ, ದೇವರಾಣೆ, ನನಗೆ ಹೊಳೆಯಲಿಲ್ಲ. ಅವರ ಕಣ್ಣಲ್ಲಿ ನೀರು ಬಂತು. ನಾನು ಫೋನು ತೆಗೆದು ಅವರ ಆ ಹಾಂ ಅನ್ನು ರೆಕಾರ್ಡ್ ಮಾಡಿಕೊಂಡೆ.

ಅದಾಗಿ ಆರನೆಯ ದಿನ ಸರ್ ಹೋದರು.

ಅಮ್ಮಾವ್ರು ಈಗಲೂ ಆಗಾಗ ಫೋನ್ ಮಾಡುತ್ತಾರೆ. ಊಟ ಆಯಿತಾ, ಊರಲ್ಲಿ ಎಲ್ಲ ಆರಾಮಾ ಎಂದು ಕೇಳಿ, ಆಮೇಲೆ ದನಿ ತಗ್ಗಿಸುತ್ತಾರೆ.

"ಏನಂದಿದ್ರು, ತಿಳೀತೇನವ್ವ?"

"ಇನ್ನಾ ಕೇಳಾಕತ್ತೀನ್ರೀ ಅಮ್ಮಾ."