ಬಾಯಿ ಪೆಡಲು ಒತ್ತಿದ ದಿನ

ಈ ಸಲದ ದಸರೆಯಲ್ಲಿ ಖಂಡೇಪೂಜೆಗೆ ಹೊಲಿಗೆ ಮಷಿನ್ನಿಗೆ ವಿಭೂತಿ ಹಚ್ಚಿ ಕಾಯಿ ಒಡೆದೆ. ನೀರು ಹಲಗೆಯ ಮೇಲೆ ಚೆಲ್ಲಿತು. ಒದ್ದೆ ಕಟ್ಟಿಗೆ, ವಿಭೂತಿ, ಕಾಯಿ ನೀರು... ಆ ಮೂರೂ ಕೂಡಿದ ವಾಸನೆಗೆ ನನ್ನ ಕೈ ನಿಂತುಬಿಟ್ಟಿತು. ದಾಂಡೇಲಿಯ ಬಾಯಿ ನೆನಪಾದರು.

ಆಗ ನಾನು ಮದುವೆಯಾಗಿ ದಾಂಡೇಲಿಗೆ ಬಂದ ಹೊಸದು. ಯಜಮಾನರಿಗೆ ಕಾಗದದ ಮಿಲ್ಲಿನಲ್ಲಿ ಕೆಲಸ. ಪಕ್ಕದ ಮನೆಯಲ್ಲಿ ಎಲ್ಲರೂ ‘ಬಾಯಿ’ ಎನ್ನುತ್ತಿದ್ದ ಗೋವೆಯ ಕ್ರಿಶ್ಚಿಯನ್ ಹೆಂಗಸು, ಗಂಡ ತೀರಿಕೊಂಡವರು, ಒಬ್ಬರೇ ಇದ್ದರು. ಅರ್ಧ ಮನೆಯನ್ನು ಪಿಯಾನೋ ನುಂಗಿತ್ತು. ಮಧ್ಯಾಹ್ನ ನಾನು ಅಲ್ಲೇ ಕುಳಿತು ಅಕ್ಕಿ ಆರಿಸುತ್ತಿದ್ದೆ. ಅವರು ನುಡಿಸುತ್ತಿದ್ದದ್ದು ಪಿಯಾನೋ ಬರುವುದಕ್ಕಿಂತ ಹಿಂದಿನ ಸಂಗೀತವಂತೆ. ಆಗಿನ ವಾದ್ಯ ತಂತಿಯನ್ನು ಬಡಿಯುತ್ತಿರಲಿಲ್ಲ, ಮೀಟುತ್ತಿತ್ತು. ದನಿ ಬೇಗ ಆರುತ್ತಿತ್ತು. ಅದಕ್ಕೇ ಬಾಯಿ ಪಿಯಾನೋದ ಪೆಡಲು ಮುಟ್ಟುತ್ತಿರಲಿಲ್ಲ. ಒತ್ತಿದರೆ ಒಂದು ಸ್ವರ ಇನ್ನೊಂದರ ಮೇಲೆ ಹರಿದು ಎಲ್ಲ ಕಲೆಸಿಹೋಗುತ್ತಿತ್ತು.

"ಕಾಲು ಒತ್ತಿದ್ರ ತಪ್ಪೆಲ್ಲಾ ಮುಚ್ಚಿ ಹೋಗತಾವ, ಪೋರಿ," ಅನ್ನುತ್ತಿದ್ದರು. "ನೀ ಸಾರಿಗೆ ಖಾರ ಸುರದು ಹೆಚ್ಚಾದ ಉಪ್ಪು ಮುಚ್ಚತೀಯಲ್ಲ, ಹಂಗ."

ಹಾಗೆ ನುಡಿಸಲು ಕಲಿಸಿದವರು ಗೋವೆಯಲ್ಲೇ ಉಳಿದಿದ್ದ ಅವರ ಅಣ್ಣ. ಗೋವೆಯ ಗಡಿ ಮುಚ್ಚಿದ್ದರಿಂದ ಇಬ್ಬರೂ ವರ್ಷಗಟ್ಟಲೆ ಮುಖ ನೋಡಿರಲಿಲ್ಲ. ಗೋವೆ ಬಿಡುಗಡೆಯಾದ ಮರುವರ್ಷ, ದಸರೆಗೆ ಬರುತ್ತೇನೆಂದು ಅಣ್ಣನ ಪತ್ರ ಬಂತು. ಅವರೆದುರು ನುಡಿಸಲೆಂದು ಬಾಯಿ ಮಳೆಗಾಲವಿಡೀ ಒಂದೇ ತುಣುಕನ್ನು ತಿದ್ದಿದರು. ಥಂಡಿಗೆ ಕಟ್ಟಿಗೆ ಉಬ್ಬದಿರಲೆಂದು ಪಿಯಾನೋದೊಳಗೆ ಸಣ್ಣ ಬಲ್ಬು ಹಚ್ಚಿಡುತ್ತಿದ್ದರು. ಅಣ್ಣನನ್ನು ಕರೆತರಲು ಲೋಂಡಾ ಸ್ಟೇಶನ್ನಿಗೆ ಹೋಗುವಾಗ, ಆ ಬಲ್ಬು ಆರದಂತೆ ನೋಡಿಕೋ ಎಂದು ಕೀಲಿಕೈ ನನಗೆ ಕೊಟ್ಟರು.

ಅಂದು ಖಂಡೇಪೂಜೆ. ನಮ್ಮ ಮನೆಯಲ್ಲಿ ಈಳಿಗೆಯಿಂದ ಸೈಕಲ್ಲಿನವರೆಗೆ ಎಲ್ಲಕ್ಕೂ ಪೂಜೆಯಾಯಿತು. ಬಾಯಿಯ ಪಿಯಾನೋ ಒಂದೇ ಯಾಕೆ ಬಿಡಬೇಕು ಅನ್ನಿಸಿತು. ಬಿಳಿ, ಕರಿ ಪಟ್ಟಿಗಳನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸಿದೆ. ಮೂರು ಬೆರಳಿಂದ ವಿಭೂತಿ ಎಳೆದೆ. ಕಾಯಿ ಒಡೆದು ನೀರನ್ನು ತೀರ್ಥದಂತೆ ಚಿಮುಕಿಸಿದೆ. ಭಕ್ತಿಯಿಂದ, ಧಾರಾಳವಾಗಿ...

ಮರುದಿನ ಬಾಯಿ ಅಣ್ಣನನ್ನು ಕರೆದುಕೊಂಡು ಬಂದು ನನ್ನನ್ನೂ ಚಹಕ್ಕೆ ಕರೆದರು. ಮುಚ್ಚಳ ತೆರೆದು ಬೆರಳಾಡಿಸಿದರು. ನಡುವಿನ ಎರಡು ಪಟ್ಟಿಗಳು ಒತ್ತಿದರೆ ಮೇಲೇಳಲಿಲ್ಲ. ಕಟ್ಟಿಗೆಯ ಮೇಲಿನ ವಿಭೂತಿ ನೋಡಿದರು, ನನ್ನ ಹಣೆಯ ವಿಭೂತಿ ನೋಡಿದರು. ಗೆರೆಗಳನ್ನು ಅಂಗೈಯಿಂದ ಒರೆಸಿ ನುಡಿಸತೊಡಗಿದರು. ಆ ಎರಡು ಸ್ವರ ಬರಬೇಕಾದಲ್ಲೆಲ್ಲ ಖಾಲಿ. ಆಗ ಅವರ ಬಲಗಾಲು ಮೆಲ್ಲಗೆ ಪೆಡಲಿನ ಮೇಲೆ ಹೋದದ್ದನ್ನು ನೋಡಿದೆ.

ಅಣ್ಣನ ಮುಖ ಸಣ್ಣದಾಯಿತು. ಕಲಿಸಿದ್ದನ್ನೆಲ್ಲ ಮರೆತೆಯಾ, ಕಾಲು ಯಾಕೆ ಒತ್ತಿದೆ ಎಂದು ಕೊಂಕಣಿಯಲ್ಲಿ ಕೇಳಿದರು. ವಯಸ್ಸಾಯಿತು, ಬೆರಳು ನನ್ನ ಮಾತು ಕೇಳುವುದಿಲ್ಲ ಎಂದು ಬಾಯಿ ನಕ್ಕರು. ನಾನು ಚಹದ ಕಪ್ಪು ಹಿಡಿದು ಕುಳಿತೇ ಇದ್ದೆ. ಅದು ನನ್ನ ಕೈಯಿಂದ ಆದದ್ದು ಎಂದು ಹೇಳದೆ, ಚಹ ಮುಗಿಸಿ ಮನೆಗೆ ಬಂದೆ.

ವಾರದಲ್ಲಿ ಪಟ್ಟಿಗಳು ಒಣಗಿ ತಾವಾಗಿಯೇ ಎದ್ದವು. ಅಷ್ಟರಲ್ಲಿ ಅಣ್ಣ ಊರಿಗೆ ಹೋಗಿದ್ದರು. ಆ ಚಳಿಗಾಲದಲ್ಲೇ ತೀರಿಕೊಂಡರು. ತಂಗಿ ಸರಿಯಾಗಿ ನುಡಿಸಿದ್ದನ್ನು ಅವರು ಕೇಳಲೇ ಇಲ್ಲ.

ಬಾಯಿ ಮಾತ್ರ ನನ್ನೊಡನೆ ಮಾತು ಬಿಡಲಿಲ್ಲ. ಪೆಡಲು ಒತ್ತಿದ ಮರುದಿನವೂ ಕರೆದರು, "ಅಕ್ಕಿ ತಗೊಂಡು ಬಾ, ಪೋರಿ." ಅದು ಶಿವನ ದಯೆ ಎಂದೇ ತಿಳಿದಿದ್ದೇನೆ. ಆಮೇಲೆ ಅವರು ಪಿಯಾನೋ ಸಮೇತ ಗೋವೆಗೆ ಹೋದರು. ಕೆಲವು ವರ್ಷಗಳ ನಂತರ ಸುದ್ದಿ ಬಂತು...

ಮಷಿನ್ನಿನ ಹಲಗೆಯನ್ನು ಒಣ ಬಟ್ಟೆಯಿಂದ ಎರಡು ಸಲ ಒರೆಸಿದೆ. ನಾನೇ ಮಾಡಿದ್ದು ಎಂದು ಹೇಳೋಣವೆಂದರೆ, ಕೇಳಬೇಕಾದವರು ಇಬ್ಬರೂ ಇಲ್ಲ.