ಜುಬೇದಾ ಬರೆದ ತುಟಿ

ಎದುರುಮನೆಯ ಗೇಟಿಗೆ ಬಣ್ಣ ಬಳಿಯುತ್ತಿದ್ದಾರೆ. ಟರ್ಪೆಂಟೈನ್ ವಾಸನೆ ಒಳಗೆ ನುಗ್ಗಿತೆಂದು ಕಿಟಕಿ ಮುಚ್ಚಿದೆ, ಮುಚ್ಚಿದರೂ ಹೋಗಲಿಲ್ಲ. ಸನತ್‌ನಗರದ ನಮ್ಮ ಎರಡು ಕೋಣೆಯ ಮನೆಯಲ್ಲಿ ನಾನು ಚಿಕ್ಕವಳಿದ್ದಾಗ ಉಪ್ಪಿಟ್ಟಿಗೂ ಇದೇ ವಾಸನೆ, ದೇವರ ಮುಂದಿನ ಊದಿನಕಡ್ಡಿಗೂ ಇದೇ ವಾಸನೆ. ಕಲಬುರಗಿ ಕಡೆಯಿಂದ ನಿಜಾಮರ ಊರಿಗೆ ಬಂದ ಅಪ್ಪ ಮನೆಯ ಹತ್ತಿರದ ಒಂದು ಸಣ್ಣ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅಚ್ಚಿನಿಂದ ಇಳಿದ ಗೊಂಬೆಗಳು ಕಣ್ಣು, ಹುಬ್ಬು, ತುಟಿ ಏನೂ ಇಲ್ಲದೆ ಗೋಣಿಚೀಲದಲ್ಲಿ ನಮ್ಮ ಮನೆಗೆ ಬರುತ್ತಿದ್ದವು. ಅವಕ್ಕೆ ಮುಖ ಬರೆಯುತ್ತಿದ್ದವಳು ಅಪ್ಪನ ಅಕ್ಕ, ಗಂಗತ್ತೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದ ಅವಳು ಮಧ್ಯಾಹ್ನವೆಲ್ಲ ಚಾಪೆಯ ಮೇಲೆ ಕೂತು, ನಾಲಿಗೆಯನ್ನು ತುಸುವೇ ಕಚ್ಚಿಕೊಂಡು, ಒಂದೊಂದೇ ಹುಬ್ಬು ತೀಡುತ್ತಿದ್ದಳು. ಆ ಹೊತ್ತಿನಲ್ಲಿ ಅವಳ ಮುಖ ಎಷ್ಟು ಶಾಂತವಾಗಿರುತ್ತಿತ್ತು ಎಂದರೆ, ನಾವು ಹಸಿವಾದರೂ ಕರೆಯುತ್ತಿರಲಿಲ್ಲ.

ಗೊಂಬೆಗಳಲ್ಲಿ ಎರಡು ಜಾತಿ. ಬಿಳಿಯವಕ್ಕೆ ಅತ್ತೆಯ ಸಣ್ಣ ಕುಂಚ. ಅದನ್ನು ನಾವು ಮುಟ್ಟುವ ಹಾಗೇ ಇರಲಿಲ್ಲ. ಕರಿಯವಕ್ಕೆ ದಪ್ಪ ಕುಂಚ. ಅವಕ್ಕೆ ಹಬ್ಶಿ ಗೊಂಬೆ ಎಂದು ಹೆಸರು. ತಟ್ಟೆಯಂಥ ಬಿಳಿ ಕಣ್ಣು, ಕಿವಿಯಿಂದ ಕಿವಿಗೆ ಕೆಂಪು ತುಟಿ. ಮನೆಯ ಮಕ್ಕಳು ಬಣ್ಣದ ಕೆಲಸ ಕಲಿಯುತ್ತಿದ್ದದ್ದು ಅವುಗಳ ಮೇಲೆ. "ಕರೀದಕ್ಕ ಹೆಂಗ ಬಡದ್ರೂ ನಡೀತೈತಿ, ಕೈ ಕುಂದ್ರಲಿ" ಎನ್ನುತ್ತಿದ್ದಳು ಅತ್ತೆ. ಹಾಗೆ ಎಂಟನೇ ವಯಸ್ಸಿಗೆ ನನ್ನ ಕೈ ಕೂತಿತು. ಈ ಮುಖದ ಮಾದರಿ ಬಂದದ್ದು ಅಪ್ಪ ಅಬಿಡ್ಸ್‌ನ ಫುಟ್‌ಪಾತಿನಿಂದ ತಂದ ಹಳೆಯ ಇಂಗ್ಲಿಷ್ ಕಥೆಪುಸ್ತಕದಿಂದ. ಅದರಲ್ಲಿ ಬಿಳಿಯ ಮಕ್ಕಳು ಮೇಜಿನ ಮುಂದೆ ಕೇಕ್ ತಿನ್ನುತ್ತಿದ್ದರು; ಕರಿಯ ಹುಡುಗನೊಬ್ಬ ಬಾಗಿಲಾಚೆ ಹಲ್ಲು ಕಿರಿದು ನಿಂತಿದ್ದ. ಇಂಗ್ಲಿಷ್ ಬಾರದ ಅತ್ತೆ ಆ ಹಾಳೆ ಹರಿದು ಗೋಡೆಗೆ ಅಂಟಿಸಿಕೊಂಡಿದ್ದಳು. ಪುಸ್ತಕದಲ್ಲಿ ಅಚ್ಚಾದದ್ದು ಸುಳ್ಳಿರುತ್ತದೆಯೇ? ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬಿದ ಜನ ನಾವು. ಊಟ ಬಿಟ್ಟ ತಮ್ಮನಿಗೆ ಅವ್ವ ಆ ಹಾಳೆ ತೋರಿಸಿ "ಹಬ್ಶಿ ಬರ್ತಾನ ನೋಡು" ಎನ್ನುತ್ತಿದ್ದಳು. ನಿಮ್ಮ ಮನೆಯಲ್ಲೂ ಯಾರದೋ ಹೆಸರು ಹೇಳಿ ತುತ್ತು ತಿನ್ನಿಸಿರುತ್ತಾರೆ. ಯಾರು ಅವರು ಎಂದು ನೀವೂ ಕೇಳಿರಲಿಕ್ಕಿಲ್ಲ.

ಜುಬೇದಾ ನನ್ನ ಬೆಂಚಿನ ಗೆಳತಿ. ನಿಜಾಮರ ಕಾಲದಲ್ಲಿ ಆಫ್ರಿಕಾದಿಂದ ಬಂದ ಕುದುರೆಸವಾರ ಕಾವಲುಪಡೆಯವರ ವಂಶ ಅವರದು; ಊರವರು ಹಬ್ಶಿ ಎನ್ನುತ್ತಿದ್ದದ್ದು ಅವರನ್ನೇ. ಅವಳ ಅಪ್ಪ ನಮ್ಮ ಬೀದಿಯಾಚೆಯ ಕಾರ್ಖಾನೆಯಲ್ಲಿ ಫಿಟ್ಟರ್. ಅವಳನ್ನೂ ಗೋಡೆಯ ಹಾಳೆಯನ್ನೂ ನಾನು ಒಂದು ದಿನವೂ ಒಟ್ಟಿಗೆ ಯೋಚಿಸಿರಲಿಲ್ಲ, ಸತ್ಯವಾಗಿಯೂ. ರಜೆಯ ಒಂದು ಮಧ್ಯಾಹ್ನ ಅವಳನ್ನು ಮನೆಗೆ ಕರೆತಂದೆ. ಅತ್ತೆ ನಮ್ಮ ಕಪ್ಪಿನಲ್ಲೇ ಅವಳಿಗೂ ಚಹಾ ಕೊಟ್ಟಳು. ಅಂದಿನ ನಮ್ಮವರಲ್ಲಿ ಅದು ಸಣ್ಣ ಮಾತಲ್ಲ. ಆಮೇಲೆ ಒಂದು ಕರಿಯ ಗೊಂಬೆಯನ್ನೂ ದಪ್ಪ ಕುಂಚವನ್ನೂ ಅವಳ ಮುಂದೆ ಇಟ್ಟಳು.

ಜುಬೇದಾ ಗೋಡೆಯ ಹಾಳೆ ನೋಡಿದಳು. ಗೊಂಬೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಸಣ್ಣ ಕುಂಚ ಕೇಳಿದಳು. ನಮಗ್ಯಾರಿಗೂ ಕೊಡದಿದ್ದದ್ದನ್ನು ಅತ್ತೆ ಯಾಕೋ ಅವಳಿಗೆ ಕೊಟ್ಟಳು. ಕೆಂಪಿಗೆ ಒಂದಿಷ್ಟು ಕಪ್ಪು ಬೆರೆಸಿ ಜುಬೇದಾ ಬರೆದದ್ದು ಒಂದು ಹೆಂಗಸಿನ ಬಾಯಿ, ಇನ್ನೇನು ಮಾತಾಡುತ್ತಾಳೆ ಎನ್ನುವಂಥದ್ದು. ಕಣ್ಣಿಗೆ ರೆಪ್ಪೆ ಬರೆದಳು. ಅಂಥ ಚೆಂದದ ಮುಖ ಆ ಚಾಪೆಯ ಮೇಲೆ ಹಿಂದೆಂದೂ ತಯಾರಾಗಿರಲಿಲ್ಲ.

"ಮೇರಿ ಅಮ್ಮೀ ಐಸೀಚ್ ಹೈ" ಎಂದಳು. ನಮ್ಮಮ್ಮ ಹೀಗೇ ಇದ್ದಾಳೆ.

ಅತ್ತೆ ಬಹಳ ಹೊತ್ತು ಅದನ್ನು ಹಿಡಿದು ಕೂತಳು. "ಭಾಳ ಛಂದ ಬರದೀ ಬೇಟಾ" ಎಂದು ಅವಳ ಬೆನ್ನು ಸವರಿ, ನನ್ನ ಕಡೆ ತಿರುಗಿದಳು. "ಬೇಗಂ ಬಜಾರದ ಸೇಠ್‌ಗಳು ಇದನ್ನ ತಗೊಳ್ಳಂಗಿಲ್ಲವ್ವಾ. ನೀ ಒಂಚೂರು ಸರಿ ಮಾಡು."

ನಾನು ಸರಿ ಮಾಡಿದೆ. ದೊಡ್ಡವರ ಕೆಲಸ ನನಗೆ ಬಂತೆಂದು ಹಿಗ್ಗಿ, ದಪ್ಪ ಕುಂಚವನ್ನು ಕೆಂಪಿನಲ್ಲಿ ಅದ್ದಿ, ಜುಬೇದಾಳ ಅಮ್ಮನ ಬಾಯಿಯ ಮೇಲೆ ಈ ಕಿವಿಯಿಂದ ಆ ಕಿವಿಗೆ ಎಳೆದೆ. ಅವಳು ಕೊನೆಯವರೆಗೂ ನೋಡಿದಳು. ಚಹಾದ ಕಪ್ಪನ್ನು ತಾನೇ ಬಚ್ಚಲಿಗೆ ಒಯ್ದು ತೊಳೆದಿಟ್ಟು, ಅತ್ತೆಗೆ ಹೇಳಿ ಹೊರಟುಹೋದಳು. ಸೋಮವಾರ ಬೇರೆ ಬೆಂಚಿನಲ್ಲಿ ಕೂತಿದ್ದಳು. ಮುಂದಿನ ವರ್ಷ ಅವರು ಮಸಾಬ್ ಟ್ಯಾಂಕ್ ಕಡೆ ಮನೆ ಮಾಡಿಕೊಂಡು ಹೋದರು.

ಕಾರ್ಖಾನೆ ಮುಚ್ಚಿತು. ಅಪ್ಪ, ಅವ್ವ, ಅತ್ತೆ ಒಬ್ಬರ ಹಿಂದೊಬ್ಬರು ಹೋದರು, ಮನೆಯಿದ್ದ ಜಾಗದಲ್ಲಿ ಈಗ ಗೋದಾಮು. ಗೊಂಬೆಗಳು ಮಾತ್ರ ಎಲ್ಲೆಲ್ಲಿಗೆ ಹೋದವೋ, ಯಾವ ಯಾವ ಮಗುವಿಗೆ ಏನು ಕಲಿಸಿದವೋ, ಅವನ್ನು ವಾಪಸು ಕರೆಯಲು ಯಾರಿಗೂ ಬರುವುದಿಲ್ಲ. ಮೊನ್ನೆ ಮೊಮ್ಮಗಳಿಗೆ ಉಡುಗೊರೆ ಬಂದ ಹೊಸ ಪುಸ್ತಕ ತೆರೆದರೆ ಅದೇ ಕಣ್ಣು, ಅದೇ ತುಟಿ, ನುಣುಪು ಕಾಗದದ ಮೇಲೆ. ನಾನು ಆ ಹಾಳೆ ಹರಿದೆ. ಮಗು ಹೋ ಎಂದು ಅತ್ತಿತು. ಅದಕ್ಕೆ ಆ ಚಿತ್ರವೇ ಇಷ್ಟವಾಗಿತ್ತು.

ಹೋದ ವರ್ಷ ಕಣ್ಣಿನ ಆಸ್ಪತ್ರೆಯ ಸಾಲಿನಲ್ಲಿ ಜುಬೇದಾ ಸಿಕ್ಕಳು. ಗುರುತು ಹಿಡಿದವಳು ಅವಳೇ. ಅತ್ತೆ ತೀರಿಕೊಂಡದ್ದು ಕೇಳಿ ಎದೆಯ ಮೇಲೆ ಕೈ ಇಟ್ಟುಕೊಂಡಳು. ನಾನು ನಲವತ್ತು ವರ್ಷ ಹೊತ್ತದ್ದನ್ನು ನನಗೆ ಬರುವ ಹಿಂದಿಯಲ್ಲಿ ತಡವರಿಸುತ್ತ ಹೇಳಿದೆ: ಆ ದಿನ, ಆ ಗೊಂಬೆ, ನಿನ್ನ ಅಮ್ಮನ ಬಾಯಿ, ನನ್ನನ್ನು ಕ್ಷಮಿಸು. ಅವಳು ಹುಬ್ಬು ಗಂಟಿಕ್ಕಿ ನೆನಪು ಮಾಡಿಕೊಳ್ಳಲು ನಿಜವಾಗಿಯೂ ಹೆಣಗಿದಳು.

"ಕೌನ್ಸೇ ದಿನ್ ಕೀ ಬಾತ್?" ಎಂದಳು. ಯಾವ ದಿನದ ಮಾತು? ಆಮೇಲೆ, ನನಗೆ ನೋವಾದೀತೆಂದು ನನ್ನ ಕೈ ಹಿಡಿದು, ಮೆಲ್ಲಗೆ: "ಐಸೇ ಬಹುತ್ ದಿನ್ ಥೇ, ಬಹನ್."

ಅಂಥ ದಿನಗಳು ಬಹಳ ಇದ್ದವು. ಅವಳ ನಂಬರು ಕೂಗಿದರು, ಅವಳು ಒಳಗೆ ಹೋದಳು. ಕ್ಷಮೆ ಕೇಳಲು ನನ್ನ ಬಳಿ ಇದ್ದದ್ದು ಆ ಒಂದು ದಿನ. ಅಂಥ ಎಷ್ಟೋ ದಿನಗಳ ನಡುವೆ ಅದು ಅವಳ ಬಳಿ ಬೇರೆಯಾಗಿ ಉಳಿದಿರಲೇ ಇಲ್ಲ.